ಔಷಧಿಯಿಲ್ಲದ ಸೂಜಿ

ಇಂಜೆಕ್ಷನ್ ಸೂಜಿ ಹರಿತ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಆಗ ಇಡೀ ತುರುವೇಕೆರೆ ತಾಲ್ಲೂಕಿನಲ್ಲಿ ಇರಲಿಲ್ಲ. ಜಂಭ ಅಂತ ನೀವು ಅಂದುಕೊಂಡರೆ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಮ್ಮೆ ಚುಚ್ಚಿ ಎಸೆಯುವ ಸೂಜಿ ನಮ್ಮ ಕಡೆಗಿನ್ನೂ ಬಂದಿರಲಿಲ್ಲ. ನಮ್ಮ ಕ್ಲಿನಿಕ್ಕಿನಲ್ಲಿದ್ದದ್ದು ಒಂದಷ್ಟು ಸ್ಟೀಲ್ ಸೂಜಿ, ನಾಲ್ಕಾರು ಗಾಜಿನ ಸಿರಿಂಜು. ರೋಗಿಗಳೆಲ್ಲ ಹೋದ ಮೇಲೆ ಒಂದೊಂದು ಸೂಜಿಯ ತೂತಿಗೂ ಸಣ್ಣ ತಂತಿ ತೂರಿಸಿ ತೊಳೆದು, ನುಣುಪು ಕಲ್ಲಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಮೊನೆಯ ಇಳಿಜಾರು ಕೆಡದ ಹಾಗೆ ಉಜ್ಜಬೇಕು. ಆಮೇಲೆ ಹತ್ತಿಯ ಉಂಡೆಗೆ ಚುಚ್ಚಿ ಮೆಲ್ಲಗೆ ಎಳೆಯಬೇಕು. ಒಂದೇ ಒಂದು ಎಳೆ ಸಿಕ್ಕಿಕೊಂಡು ಬಂದರೂ ಮೊನೆಯಲ್ಲಿ ಕಣ್ಣಿಗೆ ಕಾಣದ ಕೊಕ್ಕೆ ಇದೆ ಎಂದರ್ಥ, ಮತ್ತೆ ಕಲ್ಲಿಗೆ ಹಾಕಬೇಕು. ಅದೆಲ್ಲ ಮುಗಿದ ಮೇಲೆ ಸ್ಟೆರಿಲೈಸರಿನಲ್ಲಿ ಕುದಿಸುವುದು. ರಜೆಗೆ ಕಂದಿಕೆರೆಗೆ ಹೋದಾಗ ನಮ್ಮಮ್ಮ, ನರ್ಸು ಓದಿಸಿದರೆ ಮಗಳು ಸಾಣೆ ಹಿಡಿಯುವ ಕೆಲಸ ಹಿಡಿದಳು ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ನಮ್ಮ ಡಾಕ್ಟರದು ಮಾತು ಕಡಿಮೆ, ಬೆರಳು ಜಾಸ್ತಿ. ಹಾಗೆಂದರೆ ಏನೆಂದು ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಮೈಕೈ ನೋವಿಲ್ಲದ ಮನುಷ್ಯನೇ ಇಲ್ಲ. ಮರ ಹತ್ತುವವನಿಗೆ ತೊಡೆ, ಕಾಯಿ ಸುಲಿಯುವವನಿಗೆ ಸೊಂಟ, ಮೂಟೆ ಹೊರುವವನಿಗೆ ಕತ್ತು. ಬೇರೆ ಡಾಕ್ಟರುಗಳು ಒಂದು ಮಾತ್ರೆ ಬರೆದು ಕಳಿಸುತ್ತಿದ್ದರು. ನಮ್ಮವರು ಕಣ್ಣು ಅರೆ ಮುಚ್ಚಿಕೊಂಡು ನೋವಿರುವ ಜಾಗದ ಸುತ್ತ ಬೆರಳಾಡಿಸುತ್ತಾ ಕೂರುತ್ತಿದ್ದರು. ಮಾಂಸದೊಳಗೆ ಎಲ್ಲೋ ಹುಣಸೆಬೀಜದಷ್ಟು ಗಂಟು ಸಿಗುತ್ತಿತ್ತು. ಅದನ್ನು ಒತ್ತಿದರೆ ರೋಗಿ ಹೌಹಾರುತ್ತಿದ್ದ. ಆ ಗಂಟಿಗೆ ಸರಿಯಾಗಿ ಮರಗಟ್ಟಿಸುವ ಔಷಧಿಯನ್ನು ಸ್ವಲ್ಪವೇ ಕೊಟ್ಟರೆ ವಾರಗಟ್ಟಲೆ ಹಿಡಿದಿದ್ದ ನೋವು ಬಿಡುತ್ತಿತ್ತು. ಎಲ್ಲರಿಗೂ ಅಲ್ಲ, ಆದರೆ ನೋವು ಬಿಟ್ಟವರು ಮುಂದಿನ ಸಲ ಬಸ್ಸಿನಲ್ಲಿ ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಿದ್ದರು.

ಹಾಗೆ ಯಾರದೋ ಮಾತು ಕೇಳಿಕೊಂಡು ದಬ್ಬೇಘಟ್ಟದ ಕಡೆಯಿಂದ ಅತ್ತೆ ಸೊಸೆ ಬಂದರು. ಸೊಸೆಗೆ ಮೂವತ್ತರ ಆಸುಪಾಸು. ಉಂಡೆ ಕೊಬ್ಬರಿ ಒಡೆಯುವುದು ಅವಳ ಕಸುಬು. ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಒಣಗಿದ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಕೂತಿರುತ್ತದೆ. ಗಂಡಸರು ಮೇಲಿನ ಮಟ್ಟೆ ಸುಲಿದು ಕೊಡುತ್ತಾರೆ. ಇವಳು ಅದನ್ನು ಎಡಗೈಯಲ್ಲಿ ತಿರುಗಿಸುತ್ತಾ ಮಚ್ಚಿನಿಂದ ಸುತ್ತಲೂ ಬಡಿದು ಚಿಪ್ಪನ್ನಷ್ಟೇ ಬಿಡಿಸಬೇಕು. ಏಟು ಒಂದಿಷ್ಟು ಹೆಚ್ಚಾದರೆ ಮಚ್ಚು ಕೊಬ್ಬರಿಗೆ ತಾಗುತ್ತದೆ, ಉಂಡೆ ಹಾಳು. ಇವಳ ಕೈಯಲ್ಲಿ ಉಂಡೆ ಹಾಳಾಗುವುದೇ ಇಲ್ಲವೆಂದು ಸುತ್ತಲ ತೋಟದವರೆಲ್ಲ ಹೇಳಿಕಳಿಸಿ ಕರೆಸಿಕೊಳ್ಳುತ್ತಿದ್ದರಂತೆ. ಈಗ ಬಲಭುಜದ ಮುಂಭಾಗದಲ್ಲಿ ನೋವು ಶುರುವಾಗಿ, ತೋಳಿನುದ್ದಕ್ಕೂ ಇಳಿದು ಹೆಬ್ಬೆರಳವರೆಗೆ ಬಂದಿತ್ತು. ಕೈ ಎತ್ತಿದರೆ ನಡುಗುತ್ತಿತ್ತು, ಮಚ್ಚು ಎಲ್ಲೆಲ್ಲೋ ಬೀಳುತ್ತಿತ್ತು. ಕರೆಯುವವರು ಬೇರೆಯವರನ್ನು ಕರೆಯತೊಡಗಿದ್ದರು.

ಅತ್ತೆ ಗಟ್ಟಿ ಹೆಂಗಸು. ಬಂದ ಕೂಡಲೇ ಕರಾರು ಹಾಕಿದಳು: ಬರುವ ಅಮಾವಾಸ್ಯೆಯೊಳಗೆ ವಾಸಿಯಾದರೆ ಸರಿ, ಇಲ್ಲದಿದ್ದರೆ ಬರೆ ಹಾಕಿಸುವುದು. ಬರೆ ಎಂದರೆ ಕಬ್ಬಿಣ ಕೆಂಪಗೆ ಕಾಯಿಸಿ ನೋವಿರುವ ಜಾಗಕ್ಕೆ ಎಳೆಯುವುದು. ನಮ್ಮ ಕಡೆ ಮಗುವಿನ ಕಾಮಾಲೆಯಿಂದ ಹಿಡಿದು ಮುದುಕರ ಕೀಲುನೋವಿನವರೆಗೆ ಎಲ್ಲಕ್ಕೂ ಅದೊಂದು ಮದ್ದು. ಬರೆ ಹಾಕುವವನಿಗೆ ಆಗಲೇ ಹೇಳಿಯೂ ಆಗಿತ್ತು. ಅತ್ತೆ ನೀರು ಕುಡಿಯಲು ಹೊರಗೆ ಹೋದಾಗ ಸೊಸೆ ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಅಂದಳು.

"ಬರೆಗೆ ನಾನು ಹೆದ್ರಲ್ಲ ಕಣಕ್ಕ. ಬರೆ ಹಾಕುಸ್ಕಂಡ ಮೇಲೂ ಕೈ ಬರ್ದೇ ಹೋದ್ರೆ ಏನ್ ಮಾಡ್ಲಿ, ಅದುಕ್ಕೆ ಹೆದ್ರಿಕೆ."

ಎಲ್ಲ ಸರಿಹೋಗುತ್ತದೆ ಬಿಡಮ್ಮ ಎಂದು ಧೈರ್ಯ ಹೇಳಿ ಸಿರಿಂಜು ತಯಾರು ಮಾಡಹೊರಟರೆ ಮೊದಲ ಹೆಜ್ಜೆಯಲ್ಲೇ ಅಡ್ಡಿ ಬಂತು. ಮರಗಟ್ಟಿಸುವ ಔಷಧಿಯನ್ನು ಹಿಂದೆ ಎಲ್ಲಾದರೂ ತೆಗೆದುಕೊಂಡಿದ್ದೀಯಾ ಎಂದು ಡಾಕ್ಟರು ಎಲ್ಲರನ್ನೂ ಕೇಳುವ ಹಾಗೆ ಇವಳನ್ನೂ ಕೇಳಿದರು. ಹಲ್ಲು ಕೀಳಿಸುವಾಗ ಹಾಕಿದ್ದರು, ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿ, ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದ್ದರು ಎಂದಳು. ನಾನು ಔಷಧಿಯ ಬಾಟಲಿಯನ್ನು ಸದ್ದಿಲ್ಲದೆ ಬೀರುವಿಗೆ ವಾಪಸ್ ಇಟ್ಟೆ.

ಡಾಕ್ಟರಿಗೆ ತಿಂಗಳುಗಟ್ಟಲೆ ತಡವಾಗಿ ಅಂಚೆಯಲ್ಲಿ ಬರುವ ವೈದ್ಯಕೀಯ ಪತ್ರಿಕೆಗಳನ್ನು ಓದುವ ಹುಚ್ಚಿತ್ತು. ಹೊರದೇಶದ ಕೆಲವು ಡಾಕ್ಟರುಗಳು ಔಷಧಿಯೇ ಇಲ್ಲದೆ ಬರೀ ಸೂಜಿಯನ್ನು ಗಂಟಿಗೆ ಚುಚ್ಚಿ ನೋವು ಬಿಡಿಸಿದ್ದಾರಂತೆ, ಕೆಲಸ ಮಾಡುವುದು ಔಷಧಿಯಲ್ಲ, ಸರಿಯಾದ ಜಾಗಕ್ಕೆ ತಾಗಿದ ಮೊನೆ ಎಂದು ಅವರ ವಾದವಂತೆ. ಹಾಗೆ ಮಾಡೋಣ ಎಂದರು. ಅತ್ತೆ ಕೇಳಿಸಿಕೊಂಡು ಉರಿದುಬಿದ್ದಳು. ಖಾಲಿ ಸೂಜಿ ಚುಚ್ಚಿಸಿಕೊಳ್ಳುವುದಕ್ಕೆ ಬಸ್ಸು ಹತ್ತಿ ಇಲ್ಲಿತನಕ ಬರಬೇಕಿತ್ತೇ, ಮನೆಯಲ್ಲಿ ದಬ್ಬಳ ಇರಲಿಲ್ಲವೇ ಎಂದಳು. ಅವಳನ್ನೂ ಅನ್ನುವ ಹಾಗಿಲ್ಲ. ನಮ್ಮ ಜನಕ್ಕೆ ಸೂಜಿ ಹಾಕಿಸಿಕೊಳ್ಳುವುದೆಂದರೆ ಒಳಗೆ ಔಷಧಿ ಹೋಗಬೇಕು, ಆಮೇಲೆ ಒಂದಿಷ್ಟು ಉರಿಯಬೇಕು. ಉರಿಯದಿದ್ದರೆ ನೀರಿನ ಇಂಜೆಕ್ಷನ್ ಎಂದು ಹೊರಗೆ ಹೋಗಿ ಬೈಯುತ್ತಿದ್ದರು. ನಾನು ಡಾಕ್ಟರ ಕಿವಿಯಲ್ಲಿ, ಬರೀ ಡಿಸ್ಟಿಲ್ಡ್ ವಾಟರ್ ಒಂದು ಚೂರು ತುಂಬಿಕೊಡಲೇ, ಮುದುಕಿಗೆ ಸಮಾಧಾನವಾಗುತ್ತದೆ ಎಂದೆ.

"ಸುಳ್ಳು ತುಂಬೋದಕ್ಕೆ ಅಂತ ನಾನು ಸಿರಿಂಜ್ ಇಟ್ಟಿಲ್ಲ ಸಿಸ್ಟರ್" ಎಂದರು. ಆಮೇಲೆ ಮುದುಕಿಯ ಕಡೆ ತಿರುಗಿ, ಇದರೊಳಗೆ ಏನೂ ಇಲ್ಲ, ಇದರಿಂದ ವಾಸಿಯಾದರೂ ಆಗಬಹುದು, ಆಗದೆಯೂ ಇರಬಹುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೀಗೆ ಹೇಳಿ ರೋಗಿಯನ್ನು ಉಳಿಸಿಕೊಂಡ ಇನ್ನೊಬ್ಬ ಡಾಕ್ಟರನ್ನು ನಾನು ಕಂಡಿಲ್ಲ. ಮುದುಕಿ ಗೊಣಗಿಕೊಂಡೇ ಒಪ್ಪಿದಳು.

ನಾನು ಇದ್ದುದರಲ್ಲೇ ತೆಳ್ಳಗಿನ ಸೂಜಿ ಆರಿಸಿಕೊಟ್ಟೆ. ಭುಜದ ಮುಂದೆ ನೋವಿದ್ದಲ್ಲಿ, ತೋಳಿನ ಮೇಲ್ಭಾಗದಲ್ಲಿ, ಬೆರಳಿಗೆ ಸಿಕ್ಕ ಗಂಟುಗಳಿಗೆ ಡಾಕ್ಟರು ಚುಚ್ಚಿದರು. ಹಗುರಾದ ಹಾಗಿದೆ ಎಂದು ಸೊಸೆ ಹೇಳಿದಳು. ಮಚ್ಚು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿ ಕಳಿಸಿದೆವು. ಕೆಲವೇ ದಿನಕ್ಕೆ ವಾಪಸ್ ಬಂದರು. ನೋವು ಇದ್ದ ಹಾಗೇ ಇತ್ತು, ಅದರ ಜೊತೆಗೆ ಚುಚ್ಚಿದಲ್ಲೆಲ್ಲ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಸೂಜಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ತಪ್ಪು ನಿನ್ನ ಸಾಣೆಯದಲ್ಲ, ಸೂಜಿಯ ಹುಟ್ಟಿನದು ಎಂದರು. ಔಷಧಿ ಸಾಗಿಸಲು ಒಳಗೆ ತೂತಿರುವ ಸೂಜಿ ಅದು, ಅದರ ಮೊನೆ ಸಣ್ಣ ಉಳಿಯ ಹಾಗೆ ಕತ್ತರಿಸಿಕೊಂಡು ಹೋಗುತ್ತದೆ. ಒಂದೇ ಗಂಟಿನಲ್ಲಿ ಹಿಂದೆ ಮುಂದೆ ಆಡಿಸಿದರೆ ಮಾಂಸ ಗಾಯವಾಗದೆ ಇನ್ನೇನು? ಹಾಗಂದರೂ ನನಗೆ ಸಮಾಧಾನವಾಗಲಿಲ್ಲ. ನಾನು ಉಜ್ಜಿಕೊಟ್ಟ ಸೂಜಿಯಲ್ಲವೇ.

ಆ ಭಾನುವಾರ ಡಾಕ್ಟರು ಬೆಂಗಳೂರಿಗೆ ಹೋಗಿ, ಚೀನಾದ ಸೂಜಿ ಚಿಕಿತ್ಸೆ ಕಲಿತಿದ್ದ ತಮ್ಮ ಸಹಪಾಠಿಯೊಬ್ಬರಿಂದ ಒಂದು ಪೊಟ್ಟಣ ತಂದರು. ಬಿಚ್ಚಿ ನೋಡಿ ನಾನು ಬೆರಗಾದೆ. ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೆ, ತೂತೇ ಇಲ್ಲ, ಹಿಡಿಗೆ ಸಣ್ಣ ತಂತಿ ಸುತ್ತಿದ್ದಾರೆ. ಮೊನೆ ಕತ್ತರಿಸುವಂಥದ್ದಲ್ಲ, ಮಾಂಸವನ್ನು ಪಕ್ಕಕ್ಕೆ ಜರುಗಿಸಿಕೊಂಡು ದಾರಿ ಮಾಡಿಕೊಳ್ಳುವಂಥದ್ದು. ಆದರೆ ಅದನ್ನು ಚುಚ್ಚುವುದು ನಮ್ಮ ಸೂಜಿ ಚುಚ್ಚಿದಷ್ಟು ಸಲೀಸಲ್ಲ. ಒತ್ತಿದರೆ ಬಿಲ್ಲಿನ ಹಾಗೆ ಬಾಗುತ್ತದೆ. ಡಾಕ್ಟರು ಮೊದಲು ಹತ್ತಿಯ ಉಂಡೆಗೆ, ಆಮೇಲೆ ಸೀಬೆಹಣ್ಣಿಗೆ, ಕೊನೆಗೆ ಪ್ಯಾಂಟು ಮಡಿಚಿ ತಮ್ಮ ಮೀನಖಂಡಕ್ಕೇ ಚುಚ್ಚಿಕೊಂಡು ಅಭ್ಯಾಸ ಮಾಡಿದರು. ಸ್ಪಿರಿಟ್ ಹತ್ತಿಯಲ್ಲಿ ಸೂಜಿಯ ನಡುವನ್ನು ಹಿಡಿದು, ಎಡಗೈ ಬೆರಳುಗಳಲ್ಲಿ ಚರ್ಮ ಬಿಗಿ ಮಾಡಿ, ಒಂದೇ ಸಲಕ್ಕೆ ಚರ್ಮ ದಾಟಿಸಬೇಕು. ಚರ್ಮ ದಾಟಿದ ಮೇಲೆ ಅವಸರವಿಲ್ಲ. ನೋಯುತ್ತದಾ ಸಾರ್ ಎಂದರೆ, ಮೊದಲು ನಾನೇ ನೋಯಿಸಿಕೊಳ್ಳದಿದ್ದರೆ ಅವಳ ಮೈಗೆ ಚುಚ್ಚುವ ಹಕ್ಕು ನನಗೆಲ್ಲಿಂದ ಬರುತ್ತದೆ ಎಂದು ಕೇಳಿದರು. ನಾನು ಹತ್ತಿ ಹಿಡಿದು ನಿಂತೆ.

ಹೊಸ ಸೂಜಿಯಲ್ಲಿ ಬಾವು ಬರಲಿಲ್ಲ, ನೀಲಿಗಟ್ಟಲಿಲ್ಲ. ಸೊಸೆ ಹೋಗುವಾಗ ನಗುನಗುತ್ತಾ ಹೋದಳು. ಆದರೆ ಮುಂದಿನ ಸಂತೆಯ ಹೊತ್ತಿಗೆ ನೋವು ಮತ್ತೆ ಹಾಜರು. ಮಚ್ಚು ಮುಟ್ಟಿದೆಯಾ ಎಂದು ನಾನು ಗದರಿಸಿದರೆ ಮಕ್ಕಳಾಣೆ ಮುಟ್ಟಿಲ್ಲ ಎಂದಳು. ಅತ್ತೆಯೂ ಹೌದೆಂದಳು, ಮನೆಯಲ್ಲಿ ಮಚ್ಚನ್ನು ಇವಳ ಕೈಗೆ ಸಿಗದಂತೆ ಎತ್ತಿಟ್ಟಿದ್ದವಳು ತಾನೇ ಅಂತೆ. ಡಾಕ್ಟರು ಮತ್ತೆ ಚುಚ್ಚಿದರು, ಮತ್ತೆ ಅದೇ ಕಥೆ. ಅವರ ಮುಖ ಸಣ್ಣದಾಗಿತ್ತು. ಊಟಕ್ಕೆ ಹೋಗದೆ ಆ ಪತ್ರಿಕೆಗಳನ್ನು ಮುಂದೆ ಹರವಿಕೊಂಡು ಕೂರುತ್ತಿದ್ದರು. ನನಗೋ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆ ಕಂಡರೆ ಸಿಟ್ಟು ಬರುತ್ತಿತ್ತು.

ಅಮಾವಾಸ್ಯೆಗೆ ವಾರವಿದ್ದಾಗ ಇಬ್ಬರೂ ಮತ್ತೆ ಬಂದರು. ತೋರಿಸುವುದಕ್ಕಲ್ಲ, ಹೇಳಿಹೋಗುವುದಕ್ಕೆ. ಇನ್ನು ತೊಂದರೆ ಕೊಡುವುದಿಲ್ಲ, ನಿಮ್ಮ ಕೈಲಾದದ್ದು ಮಾಡಿದಿರಿ ಎಂದು ಮುದುಕಿ ಅಂದಳು. ಸೊಸೆ ಚೀಲ ಬಿಚ್ಚಿ, ಡಾಕ್ಟರ ಮನೆಗೆಂದು ಅಟ್ಟದಿಂದ ತಂದಿದ್ದ ಒಣ ಕಾಯಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಡತೊಡಗಿದಳು. ಇಡುವ ಮುಂಚೆ ಪ್ರತಿ ಕಾಯಿಯನ್ನೂ ಬಲಗೈಯಲ್ಲಿ ಕಿವಿಯ ಹತ್ತಿರ ಎತ್ತಿ, ಮೊಣಕೈಯನ್ನು ಪಕ್ಕಕ್ಕೆ ಚಾಚಿ, ಲೊಡಲೊಡ ಅಲ್ಲಾಡಿಸಿ ಕೇಳುತ್ತಿದ್ದಳು. ಪ್ರತಿ ಸಲವೂ ಹುಬ್ಬು ಗಂಟಿಕ್ಕುತ್ತಿತ್ತು.

ಡಾಕ್ಟರು ಕುರ್ಚಿಯಿಂದ ಎದ್ದರು. "ಈಗ ಏನ್ಮಾಡ್ದೆ ನೀನು?"

"ಏನೂ ಮಾಡ್ಲಿಲ್ವಲ್ಲ ಸ್ವಾಮಿ. ಕಾಯಿ ಕೇಳ್ದೆ."

ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಅನ್ನುತ್ತದೆ, ನೀರಿದ್ದರೆ ಗುಳುಗುಳು ಅನ್ನುತ್ತದೆ, ಅಂಟಿಕೊಂಡಿದ್ದರೆ ಏನೂ ಅನ್ನುವುದಿಲ್ಲ, ಅಂಥದ್ದನ್ನು ಮತ್ತೆ ಅಟ್ಟದಲ್ಲೇ ಬಿಡಬೇಕು ಎಂದು ವಿವರಿಸಿದಳು. ದಿನಕ್ಕೆ ಎಷ್ಟು ಕಾಯಿ ಕೇಳುತ್ತೀಯಾ ಎಂದರೆ, ಅದನ್ನೆಲ್ಲ ಯಾರು ಎಣಿಸುತ್ತಾರೆ ಎಂದು ನಕ್ಕಳು. ಒಡೆಯುವ ಕೆಲಸ ಬಿಡಿಸಿದ್ದರಿಂದ ಅತ್ತೆ ಅವಳನ್ನು ಅಟ್ಟಕ್ಕೆ ಹತ್ತಿಸಿದ್ದಳು. ಬೆಳಗಿಂದ ಸಂಜೆವರೆಗೆ ಅಲ್ಲಿ ಕೂತು ಕಾಯಿ ಕೇಳುವುದೇ ಆಗಿತ್ತು. ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಎಂದು ನಾನು ರೇಗಿದೆ. ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಲೆಕ್ಕದಲ್ಲಿ ಅದು ಕೆಲಸವೇ ಆಗಿರಲಿಲ್ಲ. ಡಾಕ್ಟರು ಸುಧಾರಿಸಿಕೋ ಅಂದದ್ದಕ್ಕೇ ಅವಳು ಅಟ್ಟ ಹತ್ತಿ ಕೂತಿದ್ದಳು.

ಡಾಕ್ಟರು ಅವಳ ಕೈಗೆ ಒಂದು ಕಾಯಿ ಕೊಟ್ಟು, ನನ್ನ ಕೈಯನ್ನು ಅವಳ ಬೆನ್ನಿನ ಮೇಲಿರಿಸಿ, ಮತ್ತೆ ಕೇಳು ಎಂದರು. ಹೆಗಲಮೂಳೆಯ ಮೇಲಿನ ಮಾಂಸ ನನ್ನ ಅಂಗೈಯಡಿಯಲ್ಲಿ ಪಟಪಟ ಬಿಗಿಯಾಗುವುದು ಗೊತ್ತಾಯಿತು. ಕೈಯನ್ನು ಕಿವಿಯ ಹತ್ತಿರ ಹಿಡಿದು ಹೊರಗೆ ತಿರುಗಿಸುವ ಸ್ನಾಯು ಅದೇ ಎಂದರು. ಈಗ ಕೈ ಬೆನ್ನ ಹಿಂದೆ ತೆಗೆದುಕೊಂಡು ಹೋಗು ಎಂದರೆ ಅವಳಿಗೆ ಸೊಂಟದ ಪಕ್ಕ ದಾಟುವುದಕ್ಕೇ ಆಗಲಿಲ್ಲ. ಡಾಕ್ಟರು ಹೆಗಲಮೂಳೆಯ ನಡುವೆ ಬೆರಳಾಡಿಸುತ್ತಾ ಒಂದು ಕಡೆ ನಿಲ್ಲಿಸಿ ಒತ್ತಿದರು. ಅವಳು ಕಿರುಚಿದಳು, ಆಮೇಲೆ ಆಶ್ಚರ್ಯದಿಂದ ತನ್ನ ತೋಳನ್ನೇ ನೋಡಿಕೊಂಡಳು.

"ಹಿಂದ್ಗಡೆ ಒತ್ತುದ್ರೆ ಮುಂದ್ಗಡೆ ನೋಯ್ತೈತಲ್ಲ ಸ್ವಾಮಿ. ಇದೇ ನೋವು, ಇದೇ. ಹೆಬ್ಬೆಟ್ಟಿನ ಗಂಟ ಬತ್ತು."

ನಾವು ಇಷ್ಟು ದಿನ ಚುಚ್ಚಿದ್ದು ನೋವು ಕಾಣುವ ಜಾಗಕ್ಕೆ, ಅದು ಹುಟ್ಟುವ ಜಾಗ ಬೇರೆ. ಇದನ್ನು ಪತ್ರಿಕೆಯಲ್ಲಿ ಓದಿದ್ದೆ, ಓದಿದ್ದು ಈಗ ಕೈಗೆ ಸಿಕ್ಕಿತು ಎಂದು ಡಾಕ್ಟರು ಮಕ್ಕಳ ಹಾಗೆ ಖುಷಿಪಟ್ಟರು. ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಹೆಗಲಮೂಳೆಯ ಮೇಲೆ ಚುಚ್ಚಿದರೆ ಅಡಿಯಲ್ಲಿ ಮೂಳೆಯ ರಕ್ಷಣೆ ಇರುತ್ತದೆ, ಅಂಚು ತಪ್ಪಿ ಆಚೆ ಹೋದರೆ ಪಕ್ಕೆಲುಬು, ಅದರ ಸಂದಿನಲ್ಲೇ ಶ್ವಾಸಕೋಶ. ಇಲ್ಲಿ ಚುಚ್ಚುವುದನ್ನು ಅವರು ಯಾರ ಹತ್ತಿರವೂ ನೋಡಿ ಕಲಿತಿರಲಿಲ್ಲ. ಹೆಚ್ಚುಕಡಿಮೆಯಾದರೆ ಕಾರು ಮಾಡಿಕೊಂಡು ತುಮಕೂರಿಗೋ ಬೆಂಗಳೂರಿಗೋ ಓಡಬೇಕು. ಇದೆಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಇಬ್ಬರಿಗೂ ಹೇಳಿದರು. ಮುಂದೆ ನೋವು ಅಂದರೆ ಹಿಂದೆ ಚುಚ್ಚುತ್ತಾರಂತೆ, ಸಾಕು ನಡಿ ಎಂದು ಮುದುಕಿ ಸೊಸೆಯ ಕೈ ಹಿಡಿದು ಎಬ್ಬಿಸಹೋದಳು. ಆ ಸೊಸೆ ಅತ್ತೆಯ ಮಾತಿಗೆ ಎದುರಾಡಿದ್ದನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ.

"ಇವ್ರು ಒತ್ತುದ ಜಾಗದಾಗೇ ಐತೆ ಕಣತ್ತೆ ನನ್ನ ನೋವು. ನಂಗೆ ಗೊತ್ತಾಯ್ತು. ಚುಚ್ಚಿ ಸ್ವಾಮಿ."

ಎಡಮಗ್ಗುಲಿಗೆ ಮಲಗಿಸಿ, ಬಲಗೈ ಕೆಳಗೆ ದಿಂಬು ಕೊಟ್ಟೆ. ಡಾಕ್ಟರು ಹೆಗಲಮೂಳೆಯ ಅಂಚನ್ನು ಬೆರಳಲ್ಲಿ ಹುಡುಕಿ ಸುತ್ತಲೂ ಮಸಿಯಿಂದ ಗೆರೆ ಎಳೆದರು. ಈ ಗೆರೆಯಿಂದಾಚೆ ನನ್ನ ಕೈ ಹೋದರೆ ಹಿಡಿದು ನಿಲ್ಲಿಸು ಎಂದು ನನಗೆ ಹೇಳಿದರು. ಗಂಟನ್ನು ಎರಡು ಬೆರಳ ನಡುವೆ ಹಿಡಿದು, ಸೂಜಿಯನ್ನು ನೆಟ್ಟಗೆ ಇಳಿಸಿದರು. ಮೊನೆ ಮೂಳೆಗೆ ತಾಗಿದಾಗ ಅವರ ಬೆರಳಿಗೆ ತಿಳಿಯಿತೆಂದು ಕಾಣುತ್ತದೆ, ಉಸಿರು ಬಿಟ್ಟರು. ಸ್ವಲ್ಪ ಹಿಂದೆ ಎಳೆದು, ದಿಕ್ಕು ಬದಲಿಸಿ ಮತ್ತೆ ಇಳಿಸಿದರು. ಏನೂ ಇಲ್ಲ. ಮತ್ತೊಂದು ದಿಕ್ಕು. ಆಗ ಚರ್ಮದಡಿ ಕಪ್ಪೆ ಕುಪ್ಪಳಿಸಿದ ಹಾಗೆ ಮಾಂಸ ತಾನೇ ತಾನಾಗಿ ಹಾರಿತು. ಅವಳು ಬಂತು ಬಂತು ಎಂದು ಹೆಬ್ಬೆರಳು ಮಡಿಚಿದಳು. ಅದೇ ಜಾಗದಲ್ಲಿ ಮತ್ತೆ ಮತ್ತೆ ಮುಟ್ಟಿದರು, ಪ್ರತಿ ಸಲವೂ ಹಾರಿದ್ದು ಚಿಕ್ಕದಾಗುತ್ತಾ ಬಂತು. ಕೊನೆಗೆ ಮೊನೆ ತಾಗಿದರೂ ಮಾಂಸ ಅಲ್ಲಾಡಲಿಲ್ಲ. ಅವರು ಸೂಜಿ ತೆಗೆದ ಮೇಲೆ ನಾನು ಬಿಸಿನೀರಿನ ಚೀಲ ಇಟ್ಟೆ. ಡಾಕ್ಟರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ದೇವರಂಥ ಮನುಷ್ಯ ಎಂದು ಜನ ಅಂದಾಗೆಲ್ಲ ನಾನು ನಗುತ್ತಿದ್ದೆ, ಆವತ್ತು ಮಾತ್ರ ನನಗೂ ಹಾಗೇ ಅನಿಸಿತು.

ಎಬ್ಬಿಸಿ ಕೂರಿಸಿ ಕೈ ಹಿಂದಕ್ಕೆ ತರಲು ಹೇಳಿದೆವು. ಮೆಲ್ಲಗೆ ಹೋದ ಕೈ ಸೊಂಟ ದಾಟಿ ಬೆನ್ನಿನ ನಡುವಿಗೆ ಮುಟ್ಟಿತು.

ಇನ್ನು ಉಳಿದದ್ದು ಕಾಯಿ ಕೇಳುವ ಪ್ರಶ್ನೆ. ಎಡಗೈಯಲ್ಲಿ ಎಡಗಿವಿಗೆ ಹಿಡಿದು ಕೇಳಲಿ ಎಂದರು ಡಾಕ್ಟರು. ಅಲ್ಲೇ ಒಂದು ಕಾಯಿ ಹಿಡಿದು ಪ್ರಯತ್ನಿಸಿ, ಈ ಕಿವಿಗೆ ಕಾಯಿ ಮಾತಾಡೋದೇ ಇಲ್ಲ ಎಂದುಬಿಟ್ಟಳು. ನಾನು ಬಿದ್ದು ಬಿದ್ದು ನಕ್ಕೆ. ಕೇಳದೆ ಒಡೆದರೆ ಅಂಟಿದ ಕೊಬ್ಬರಿಗೆ ಮಚ್ಚು ಬೀಳುತ್ತದೆ, ಅದೂ ಆಗದು. ಕಡೆಗೆ ಡಾಕ್ಟರೇ ತೀರ್ಮಾನ ಕೊಟ್ಟರು: ಸೊಸೆ ಕೈ ಕಟ್ಟಿ ಕೂರಲಿ, ಅತ್ತೆ ಕಾಯಿಯನ್ನು ಅವಳ ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಲಿ. ಮುದುಕಿ ಮುಖ ಕಿವಿಚಿದಳು, ಒಲ್ಲೆ ಎನ್ನಲಿಲ್ಲ. ಮಧ್ಯೆ ಒಂದು ಸಲ ಬಂದು ಚುಚ್ಚಿಸಿಕೊಂಡು ಹೋದರು.

ಅಮಾವಾಸ್ಯೆಯ ದಿನ ಕ್ಲಿನಿಕ್ಕಿನ ಬಾಗಿಲು ತೆರೆಯುವಾಗ ಅತ್ತೆ ಸೊಸೆ ಜಗಲಿಯ ಮೇಲೆ ಕೂತಿದ್ದರು. ಸೊಸೆ ನನ್ನನ್ನು ಕಂಡ ಕೂಡಲೇ ಎರಡೂ ಕೈ ತಲೆಯ ಮೇಲೆತ್ತಿ ತೋರಿಸಿದಳು. ಹಿಂದಿನ ದಿನ ಒಂದಿಷ್ಟು ಕೊಬ್ಬರಿ ಒಡೆದಿದ್ದಳಂತೆ, ಒಂದಕ್ಕೂ ಮಚ್ಚು ತಾಗಿರಲಿಲ್ಲ. ಬರೆ ಹಾಕುವವನಿಗೆ ಬರಬೇಡವೆಂದು ಹೇಳಿಕಳಿಸಿದ್ದರು. ಒಳಗೆ ಕೂತು ಮಾತಾಡುತ್ತಾ ಅವಳು ಅತ್ತೆಯನ್ನು ಛೇಡಿಸತೊಡಗಿದಳು. ಅಷ್ಟೂ ಕಾಯಿಯನ್ನು ಅತ್ತೆ ಎಡಗೈಯಲ್ಲೇ ಅಲ್ಲಾಡಿಸಿದರು, ಬಲಗೈಲಿ ಹಿಡಿ ಎಂದರೆ ನನ್ನನ್ನೇ ಬೈದರು ಎಂದಳು. ನಾನೂ ನಕ್ಕೆ. ಡಾಕ್ಟರು ನಗಲಿಲ್ಲ. ಮುದುಕಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, "ಅಮ್ಮಾ, ಬಲಗೈ ಒಂಚೂರು ಎತ್ತಿ ನೋಡಣ" ಎಂದರು.

ಕೈ ಎದೆಯ ಮಟ್ಟಕ್ಕೆ ಬಂದು ನಿಂತುಹೋಯಿತು. ಮುದುಕಿ ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ಮಡಿಲಿಗೆ ಇಳಿಸಿಕೊಂಡಳು.

"ನಾನೂ ಕೊಬ್ರಿ ಒಡೀತಿದ್ದೋಳೇ. ಇವಳ ವಯಸ್ನಾಗೆ ಹಿಂಗೇ ಆಯ್ತು, ಬರೆ ಹಾಕುದ್ರು. ಆ ಉರಿ ಮುಂದೆ ಈ ನೋವು ಕಾಣ್ಲಿಲ್ಲ. ಉರಿ ಆರುದ್ಮೇಲೆ ನೋವು ಅಲ್ಲೇ ಇತ್ತು. ವಾಸಿ ಆಯ್ತಾ ಅಂದ್ರು. ಇಲ್ಲ ಅಂದ್ರೆ ಇನ್ನೊಂದ್ಸಲ ಹಾಕ್ತಾರಲ್ಲಪ್ಪ ಅಂತ, ಆಯ್ತು ಅಂದ್ಬುಟ್ಟೆ."

ನನಗೆ ತಡೆಯಲಾಗಲಿಲ್ಲ. ಮತ್ತೆ ಇವಳಿಗೂ ಅದನ್ನೇ ಹಾಕಿಸಹೊರಟಿದ್ದೆಯಲ್ಲಮ್ಮ ಎಂದು ಕೇಳಿಯೇಬಿಟ್ಟೆ.

"ಎಲ್ರುಗೂ ವಾಸಿ ಆಯ್ತೈತೆ, ನಂಗೊಬ್ಳಿಗೇ ಹತ್ತಲಿಲ್ಲ ಅನ್ಕಂಡಿದ್ದೆ ಕಣವ್ವ."

ಸೊಸೆ ಎದ್ದು ಅತ್ತೆಯ ಹಿಂದೆ ಬಂದು, ಅವಳ ಸೆರಗನ್ನು ಭುಜದಿಂದ ಜಾರಿಸಿದಳು. ಭುಜದ ಮುಂಭಾಗದಲ್ಲಿ ಮೂರು ಬರೆ ಸಾಲಾಗಿದ್ದವು, ಚರ್ಮ ಹೊಳೆಯುತ್ತಿತ್ತು. ಡಾಕ್ಟರು ಇಷ್ಟು ವರ್ಷದ ನೋವಿಗೆ ಮಾತು ಕೊಡಲಾರೆ ಎಂದು ಹೇಳಿ, ಹೆಗಲಮೂಳೆಯ ಮೇಲೆ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು, ಒತ್ತಿತು. ಮುದುಕಿ ಕಿರುಚಲಿಲ್ಲ. ಸೊಸೆಯ ಕೈ ಹಿಡಿದುಕೊಂಡು, "ಅಲ್ಲೇ ಕಣಪ್ಪ, ಅಲ್ಲಿ ಯಾರೂ ಮುಟ್ಟೇ ಇರ್ಲಿಲ್ಲ" ಎಂದು ಅಳತೊಡಗಿದಳು. ನಾನು ಸೂಜಿ ತರಲು ಒಳಗೆ ಹೋದೆ.